ವಾರಗಿತ್ತಿಯ ಹೊಟ್ಟೆ

ಒಡವೆ ಕಂಡು ಕರುಬುವವರಿದ್ದಾರೆ, ಸೀರೆ ಕಂಡು ಕರುಬುವವರಿದ್ದಾರೆ, ಪಕ್ಕದ ಮನೆಯ ಮಗುವಿನ ಮಾರ್ಕ್ಸ್ ಕಾರ್ಡು ಕಂಡು ಕರುಬುವವರಂತೂ ನಮ್ಮ ಬೀದಿಯಲ್ಲೇ ಬೇಕಾದಷ್ಟು ಮಂದಿ ಇದ್ದಾರೆ. ನಾನು ಕರುಬುವುದು ನನ್ನ ವಾರಗಿತ್ತಿಯ ಹೊಟ್ಟೆಯನ್ನು ಕಂಡು. ಹೊಟ್ಟೆ ಎಂದ ಕೂಡಲೇ ಸೊಂಟದ ಸುತ್ತಳತೆ ಎಂದುಕೊಳ್ಳಬೇಡಿ. ಆ ವಿಷಯದಲ್ಲಿ ನಾವಿಬ್ಬರೂ ಸರಿಸಮ, ಒಬ್ಬರ ರವಿಕೆ ಇನ್ನೊಬ್ಬರಿಗೆ ಆಗುತ್ತದೆ. ನಾನು ಹೇಳುತ್ತಿರುವುದು ಒಳಗಿನ ಹೊಟ್ಟೆ, ಯಾರೂ ನೋಡದ, ಯಾರೂ ಹೊಗಳದ, ಇಪ್ಪತ್ನಾಲ್ಕು ಗಂಟೆಯೂ ಕೆಲಸ ಮಾಡುವ ಹೊಟ್ಟೆ. ಅಂಥದ್ದರ ಮೇಲೂ ಒಬ್ಬಳಿಗೆ ಹೊಟ್ಟೆಕಿಚ್ಚು ಬರಬಹುದೇ ಎಂದು ನೀವು ಕೇಳಬಹುದು. ಬಂದಿದೆ, ಇಪ್ಪತ್ತಾರು ವರ್ಷಗಳಿಂದ ಇದೆ, ಮೊನ್ನೆಯ ಅವರೆಕಾಯಿ ಕಾಲದಲ್ಲಿ ಅದು ಮಿತಿಮೀರಿ ನನ್ನ ಕೈಯಲ್ಲಿ ಒಂದು ಮಾಡಬಾರದ ಕೆಲಸವನ್ನೂ ಮಾಡಿಸಿತು. ಆ ಕತೆಯನ್ನೇ ಈಗ ಹೇಳಲು ಹೊರಟಿರುವುದು.

ವಾರಗಿತ್ತಿಯ ಹೆಸರು ಜಯಮ್ಮ. ನನ್ನ ಗಂಡನ ಅಣ್ಣನ ಹೆಂಡತಿ, ನನಗಿಂತ ಆರು ವರ್ಷ ದೊಡ್ಡವಳು, ಹೊಸಕೋಟೆ ಕಡೆಯವಳು. ನಾನು ಅಕ್ಕ ಎಂದೇ ಕರೆಯುವುದು. ಕುಂದಲಹಳ್ಳಿಯ ನಮ್ಮ ಮನೆಯಲ್ಲಿ ಕೆಳಗೆ ಅಕ್ಕ, ಭಾವ. ಮೊದಲನೇ ಮಹಡಿಯಲ್ಲಿ ನಾವು. ಅದರ ಮೇಲಿನ ಎರಡು ಮಹಡಿಗಳಲ್ಲಿ ಪಿ.ಜಿ. ಹುಡುಗಿಯರು. ಮನೆ ಭಾಗವಾದಾಗ ನಮ್ಮ ಅತ್ತೆ ಒಂದೇ ಒಂದು ಷರತ್ತು ಹಾಕಿದ್ದರು: ಒಲೆ ಎರಡಾದರೂ ಸಾರು ಒಂದೇ ಇರಬೇಕು. ಹಾಗಾಗಿ ಇವತ್ತಿಗೂ ಅನ್ನ, ಮುದ್ದೆ, ರೊಟ್ಟಿಗಳನ್ನು ಅವರವರ ಮನೆಯಲ್ಲಿ ಮಾಡಿಕೊಂಡರೂ ಸಾರು ಮಾತ್ರ ಕೆಳಗೆ ಅಕ್ಕನ ದೊಡ್ಡ ಪಾತ್ರೆಯಲ್ಲಿ ಕುದಿದು ಬೆಳಗ್ಗೆ ಏಳೂವರೆಗೆ ಮೇಲೆ ಬರುತ್ತದೆ. ಬಸ್ಸಾರು, ಮಸ್ಸೊಪ್ಪು, ಹುರುಳಿ ಸಾರು, ಉಪ್ಪುಸಾರು. ಎಂದರೆ ಇಪ್ಪತ್ತಾರು ವರ್ಷಗಳಿಂದ ನಾವಿಬ್ಬರೂ ಒಂದೇ ಸೊಪ್ಪು, ಒಂದೇ ಕಾಳು, ಒಂದೇ ಖಾರ ತಿನ್ನುತ್ತ ಬಂದಿದ್ದೇವೆ. ಫಲ ಮಾತ್ರ ಬೇರೆ ಬೇರೆ. ಅವಳ ತಲೆಗೂದಲು ಇವತ್ತಿಗೂ ಕಪ್ಪಗಿದೆ, ನನ್ನದಕ್ಕೆ ತಿಂಗಳಿಗೊಮ್ಮೆ ಬಣ್ಣ ಬೇಕು. ಪಿ.ಜಿ. ಹುಡುಗಿಯರು ನೀರು ನಿಂತಾಗ ಮೆಟ್ಟಿಲ ಮೇಲೆ ನನ್ನನ್ನು ಹಿಡಿದು, “ಆಂಟಿ, ಸ್ವಲ್ಪ ಕೆಳಗಡೆ ಅಕ್ಕನ್ನ ಕರೀತೀರಾ?” ಎನ್ನುತ್ತಾರೆ. ಐವತ್ತೆರಡರ ನಾನು ಆಂಟಿ, ಐವತ್ತೆಂಟರ ಅವಳು ಅಕ್ಕ. ಈ ಒಂದು ವಾಕ್ಯವನ್ನು ನಾನು ವಾರಕ್ಕೆ ಎರಡು ಸಲವಾದರೂ ನುಂಗಬೇಕು, ಅದೂ ಜೀರ್ಣವಾಗುವುದಿಲ್ಲ.

ಹಿದುಕಿದ ಅವರೆಯ ಕಾಲ ಬಂತೆಂದರೆ ನನ್ನ ಸಂಕಟ ದುಪ್ಪಟ್ಟು. ಅಕ್ಕ ಎರಡು ಮುದ್ದೆಗೆ ಬಿಸಿ ಬಿಸಿ ಹಿದುಕಿದ ಬೇಳೆ ಸಾರು ಸುರಿದುಕೊಂಡು, ಮೇಲೆ ಅನ್ನಕ್ಕೂ ಅದನ್ನೇ ಹಾಕಿಕೊಂಡು, ಸಂಜೆ ಅದರದ್ದೇ ಉಪ್ಪಿಟ್ಟು ತಿಂದು, ಮಾರನೇ ದಿನ ಹೂವಿನಂತೆ ಓಡಾಡುತ್ತಾಳೆ. ನಾನು ಒಂದು ಸೌಟು ಸಾರು ಹಾಕಿಸಿಕೊಂಡರೆ ಸಾಕು, ಆಫೀಸಿನ ಮೀಟಿಂಗಿನಲ್ಲಿ ಮಾತಾಡುವವರ ದನಿಗಿಂತ ನನ್ನ ಹೊಟ್ಟೆಯ ದನಿಯೇ ಜೋರಾಗಿ ಕೇಳಿಸುತ್ತದೆ. ಪಕ್ಕದವರು ಮೊಬೈಲು ನೋಡುವಂತೆ ನಟಿಸುತ್ತಾರೆ. ಕಾಳಿನಲ್ಲಿರುವ ಕೆಲವು ಬಗೆಯ ಸಕ್ಕರೆಗಳನ್ನು ಅರಗಿಸುವ ಶಕ್ತಿ ಮನುಷ್ಯರಿಗಿಲ್ಲ, ಅವು ನೇರ ದೊಡ್ಡ ಕರುಳಿಗೆ ಹೋಗುತ್ತವೆ, ಅಲ್ಲಿನ ಸೂಕ್ಷ್ಮಜೀವಿಗಳು ಅವನ್ನು ಹುದುಗಿಸಿ ಗಾಳಿ ಮಾಡುತ್ತವೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದರೆ ಗಾಳಿ ಕಡಿಮೆಯಾಗುತ್ತದೆಯೇ?

ಬೀಟ್‌ರೂಟಿನದ್ದು ಇನ್ನೊಂದು ಅವಮಾನ. ಮದುವೆಯಾದ ಹೊಸತರಲ್ಲಿ ಒಂದು ದಿನ ಅಕ್ಕ ಮಾಡಿದ ಬೀಟ್‌ರೂಟ್ ಪಲ್ಯವನ್ನು ಚೆನ್ನಾಗಿ ತಿಂದಿದ್ದೆ. ಮಾರನೇ ಬೆಳಗ್ಗೆ ಬಚ್ಚಲಲ್ಲಿ ಕೆಂಪು ಕಂಡು ಎದೆ ಒಡೆದುಹೋಯಿತು. ಯಾರಿಗೂ ಹೇಳದೆ ಮಾರತ್ತಹಳ್ಳಿಯ ಕ್ಲಿನಿಕ್ಕಿಗೆ ಆಟೋದಲ್ಲಿ ಓಡಿ, ನನ್ನ ಆಯುಸ್ಸು ಇಷ್ಟೇ ಎಂಬಂತೆ ಡಾಕ್ಟರ ಮುಂದೆ ಕುಳಿತೆ. ಆ ವಯಸ್ಸಾದ ಡಾಕ್ಟರು ಸ್ಟೆತಸ್ಕೋಪು ಕೂಡ ಎತ್ತಿಕೊಳ್ಳದೆ, “ನೆನ್ನೆ ಬೀಟ್‌ರೂಟ್ ತಿಂದ್ರೇನಮ್ಮಾ?” ಎಂದರು. ನಾನು ಬಿ.ಎಸ್ಸಿ. ಓದಿದವಳು! ಕೆಲವರ ದೇಹದಲ್ಲಿ ಆ ಕೆಂಪು ಬಣ್ಣ ಪೂರ್ತಿ ಒಡೆಯದೆ ಹಾಗೇ ಹೊರಗೆ ಬರುತ್ತದೆ, ಕೆಲವರಲ್ಲಿ ಸದ್ದಿಲ್ಲದೆ ಕರಗಿಹೋಗುತ್ತದೆ. ಅದೇ ಪಲ್ಯವನ್ನು ಎರಡು ಪಾಲು ತಿಂದಿದ್ದ ಅಕ್ಕನನ್ನು ನಯವಾಗಿ ವಿಚಾರಿಸಿದೆ. ಅವಳು ಏನು ಬಣ್ಣ, ಯಾವ ಬಣ್ಣ ಎಂದು ನನ್ನನ್ನೇ ಕೇಳಿದಳು. ಅವಳದು ಕರಗಿಸುವ ಹೊಟ್ಟೆ ಎಂದು ಅವತ್ತೇ ತಿಳಿಯಿತು.

ಈಗ ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು, ಇಲ್ಲವಾದರೆ ಮುಂದಿನದು ಅರ್ಥವಾಗುವುದಿಲ್ಲ. ವೈಟ್‌ಫೀಲ್ಡಿನಲ್ಲಿ ಹಣ್ಣು, ಬೇರು, ತೊಗಟೆಗಳಿಂದ ಸಾರ ತೆಗೆದು ಪರೀಕ್ಷಿಸುವ ಒಂದು ಪುಟ್ಟ ಪ್ರಯೋಗಾಲಯವಿದೆ. ಅಲ್ಲಿ ನಾನು ದಾಖಲೆಗಳನ್ನು ನೋಡಿಕೊಳ್ಳುತ್ತೇನೆ. ಬಾಟಲಿಗೆ ನಂಬರು ಬರೆಯುವುದು, ನಂಬರಿನ ಮುಂದೆ ಹೆಸರು ಬರೆಯದಿರುವುದು, ಯಾವ ನಂಬರು ಯಾರದೆಂಬ ಪಟ್ಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು, ಇವೇ ನನ್ನ ಕೆಲಸಗಳು. ನಮ್ಮ ವಿಭಾಗದ ಮುಖ್ಯಸ್ಥೆ ಸಂಶೋಧನೆ ಮಾಡಿ ಡಾಕ್ಟರಾದವರು, ನಾವು ಡಾಕ್ಟರ್ ಮೇಡಂ ಎನ್ನುತ್ತೇವೆ. ಊಟದ ಹೊತ್ತಿನಲ್ಲಿ ನಮ್ಮ ನಮ್ಮ ಡಬ್ಬಿಗಳೊಳಗೆ ಇಣುಕಿ ಪಾಠ ಮಾಡುವುದು ಅವರ ಅಭ್ಯಾಸ.

ಅವರು ಹೇಳುವ ಪ್ರಕಾರ ಗಿಡಗಳು ನಮಗಾಗಿ ಏನನ್ನೂ ತಯಾರಿಸುವುದಿಲ್ಲ. ಬಣ್ಣ, ಒಗರು, ಕಹಿ, ಘಾಟು ಎಲ್ಲ ಅವುಗಳ ಸ್ವಂತ ಉಪಯೋಗಕ್ಕೆ, ಹುಳ ಹುಪ್ಪಟೆ ಓಡಿಸುವುದಕ್ಕೆ. ನಾವು ಅದನ್ನು ಕಿತ್ತು ತಂದು ಒಗ್ಗರಣೆ ಹಾಕಿಕೊಳ್ಳುತ್ತೇವೆ. ನಮ್ಮ ದೇಹಕ್ಕೆ ಇವೆಲ್ಲ ಅಪರಿಚಿತರು. ಯಕೃತ್ತು ಟೆಕ್ ಪಾರ್ಕಿನ ಗೇಟಿನಲ್ಲಿ ನಿಂತ ಸೆಕ್ಯುರಿಟಿಯವನ ಹಾಗೆ. ಬಂದವರ ಕೊರಳಿಗೆ ಒಂದು ಪಟ್ಟಿ ತಗುಲಿಸಿ, ‘ಈ ಕಡೆಯಿಂದ ಹೋಗಿ ಸಾರ್’ ಎಂದು ಹೊರಗಿನ ದಾರಿ ತೋರಿಸುತ್ತದೆ. ಅರಿಶಿನದ ಸಾರವನ್ನಂತೂ ಬಂದಷ್ಟೇ ಬೇಗ ಕಳಿಸಿಬಿಡುತ್ತದೆ. ಜೊತೆಯಲ್ಲಿ ಮೆಣಸಿದ್ದರೆ ಆ ಸೆಕ್ಯುರಿಟಿಯವನನ್ನು ಅದು ಸ್ವಲ್ಪ ಹೊತ್ತು ಮಾತಿಗೆ ಹಿಡಿದಿಟ್ಟುಕೊಳ್ಳುತ್ತದೆಯಂತೆ, ಅಷ್ಟರಲ್ಲಿ ಅರಿಶಿನ ಒಂದಿಷ್ಟು ಒಳಗೆ ನುಸುಳುತ್ತದೆ. ನಮ್ಮ ಅಜ್ಜಿಯರು ಇದನ್ನೆಲ್ಲ ತಿಳಿದೇ ಸಾರಿಗೆ ಮೆಣಸು ಹಾಕುತ್ತಿದ್ದರು ಎಂದು ಹೇಳಿ ಬೀಗುವವರು ನಮ್ಮ ಆಫೀಸಿನಲ್ಲೂ ಇದ್ದಾರೆ. ನನ್ನ ಅಜ್ಜಿ ಮೆಣಸು ಹಾಕುತ್ತಿದ್ದುದು ತಾತನಿಗೆ ನೆಗಡಿಯಾದಾಗ ಮಾತ್ರ.

ಸೆಕ್ಯುರಿಟಿಯವರೆಗೂ ಹೋಗದೆ ಕೆಳಗಿಳಿಯುವವರೂ ಇದ್ದಾರೆ. ರಾಗಿಯ ಸಿಪ್ಪೆಯಲ್ಲಿ, ಸೊಪ್ಪಿನ ನಾರಿನಲ್ಲಿ ಅಂಟಿಕೊಂಡ ಪದಾರ್ಥಗಳು ಮೇಲೆ ಎಲ್ಲೂ ಬಿಡದೆ ದೊಡ್ಡ ಕರುಳಿಗೆ ಬರುತ್ತವೆ. ಅಸಲು ಕಾರ್ಖಾನೆ ಇರುವುದೇ ಅಲ್ಲಿ. ಲೆಕ್ಕಕ್ಕೆ ಸಿಗದಷ್ಟು ಸೂಕ್ಷ್ಮಜೀವಿಗಳು ಪಾಳಿಯಿಲ್ಲದೆ, ರಜೆಯಿಲ್ಲದೆ ಕತ್ತರಿಸುತ್ತ, ಬಿಡಿಸುತ್ತ, ಹೊಸದನ್ನು ಜೋಡಿಸುತ್ತ ಇರುತ್ತವೆ. ದಾಳಿಂಬೆಯನ್ನೇ ತೆಗೆದುಕೊಳ್ಳಿ. ಅದರ ಒಗರಿನ ಸಾರ ಇದ್ದ ಹಾಗೇ ದೇಹಕ್ಕೆ ಹೆಚ್ಚು ಹಿಡಿಸುವುದಿಲ್ಲ. ಕರುಳಿನ ಜೀವಿಗಳು ಅದನ್ನು ಹಂತ ಹಂತವಾಗಿ ಒಡೆದು ಯುರೊಲಿಥಿನ್ ಎಂಬ ಬೇರೊಂದು ವಸ್ತುವನ್ನು ಮಾಡುತ್ತವೆ, ಅದು ರಕ್ತಕ್ಕೆ ಸೇರುತ್ತದೆ, ಒಂದೆರಡು ದಿನಗಳಲ್ಲಿ ಮೂತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ತಮಾಷೆಯೆಂದರೆ ಇದನ್ನು ಮಾಡಬಲ್ಲ ಜೀವಿಗಳು ಎಲ್ಲರ ಹೊಟ್ಟೆಯಲ್ಲೂ ಇಲ್ಲ. ಕೆಲವರು ಚೆನ್ನಾಗಿ ಮಾಡುತ್ತಾರೆ, ಕೆಲವರು ಅರೆಬರೆ, ಇನ್ನು ಕೆಲವರು ಏನೇ ತಿಂದರೂ ಸೊನ್ನೆ. ಅದರಿಂದ ದೇಹಕ್ಕೆ ಎಷ್ಟು ಲಾಭ ಎಂದು ಕೇಳಿದರೆ ಡಾಕ್ಟರ್ ಮೇಡಂ, “ಇನ್ನೂ ಹುಡುಕ್ತಾ ಇದೀವಿ ಕಣ್ರೀ” ಎನ್ನುತ್ತಾರೆ. ಆದರೆ ಯಾವನಿಗೆ ಬೇಕು ಲಾಭ? ಒಬ್ಬರ ಹೊಟ್ಟೆ ಮಾಡುತ್ತದೆ, ಇನ್ನೊಬ್ಬರದು ಮಾಡುವುದಿಲ್ಲ ಎಂದ ಮೇಲೆ ಅದು ಪರೀಕ್ಷೆಯೇ ಆಯಿತು, ಪರೀಕ್ಷೆ ಎಂದ ಮೇಲೆ ಪಾಸು ಫೇಲು ಇದ್ದದ್ದೇ.

ಹೋದ ಡಿಸೆಂಬರಿನಲ್ಲಿ ಇದರದ್ದೇ ಒಂದು ಚಿಕ್ಕ ಪ್ರಯೋಗ ಶುರುವಾಯಿತು. ಒಂದೇ ಅಡಿಗೆ ತಿನ್ನುವ, ರಕ್ತಸಂಬಂಧವಿಲ್ಲದ ಇಬ್ಬಿಬ್ಬರು ಬೇಕಾಗಿದ್ದರು. ನಾನು ತಟ್ಟನೆ ಕೈಯೆತ್ತಿದೆ. ಏಕೆ ಕೈಯೆತ್ತಿದೆ ಎಂದು ನಿಮ್ಮಲ್ಲಿ ಮುಚ್ಚಿಡುವುದಿಲ್ಲ. ನಾನು ದಿನಾ ಅಗಸೆಬೀಜ ಪುಡಿ ತಿನ್ನುವವಳು, ಹಸಿ ಸೌತೆ ಕ್ಯಾರೆಟ್ಟಿನ ಡಬ್ಬಿ ಒಯ್ಯುವವಳು. ಅಕ್ಕ ಹಬ್ಬಕ್ಕೊಂದು ದಾಳಿಂಬೆ ಬಿಡಿಸಿದರೆ ಹೆಚ್ಚು. ಇಷ್ಟು ವರ್ಷಗಳ ಹಿದುಕಿದ ಅವರೆಯ ಸೋಲಿಗೆ ವಿಜ್ಞಾನದ ಮೂಲಕ ಸೇಡು ತೀರಿಸಿಕೊಳ್ಳಬಹುದೆಂದು ನನ್ನ ಎಣಿಕೆಯಾಗಿತ್ತು. ಅಕ್ಕನಿಗೆ ವಿಷಯ ವಿವರಿಸಿದಾಗ ಅವಳು ಕಣ್ಣರಳಿಸಿ, “ಉಚ್ಚೆ ಕೊಟ್ರೆ ದಾಳಿಂಬೆ ಕೊಡ್ತಾರಾ? ಒಳ್ಳೆ ಯವಾರ ಕಣೇ ಶೈಲಾ!” ಎಂದು ಒಪ್ಪಿಕೊಂಡಳು.

ಕೆಲವು ದಿನ ದಾಳಿಂಬೆ, ಬಾದಾಮಿ, ಅಕ್ರೋಟು, ಟೀ ಏನೂ ಮುಟ್ಟಬಾರದು. ಆಮೇಲೆ ಮೂರು ದಿನ ದಿನಕ್ಕೊಂದು ದೊಡ್ಡ ಲೋಟ ದಾಳಿಂಬೆ ರಸ. ಕೊನೆಗೆ ಒಂದು ಇಡೀ ದಿನದ ಮೂತ್ರವನ್ನು ಒಂದು ಹನಿ ಬಿಡದೆ ಬಿಳಿ ಕ್ಯಾನಿನಲ್ಲಿ ಹಿಡಿದಿಡಬೇಕು. ನಾನು ರಜೆ ಹಾಕಿ ಮನೆಯಲ್ಲೇ ಕುಳಿತೆ. ಅಕ್ಕನಿಗೆ ಅವತ್ತೇ ತೂಬರಹಳ್ಳಿಯಲ್ಲಿ ನೆಂಟರ ಹುಡುಗಿಯ ಸೀಮಂತ. ಅವಳು ಕ್ಯಾನನ್ನು ವೈರ್ ಬುಟ್ಟಿಯಲ್ಲಿಟ್ಟು, ಮೇಲೆ ಟವೆಲು ಹೊದಿಸಿ, ಕುಂಕುಮದ ತಟ್ಟೆಯ ಜೊತೆ ಅದನ್ನೂ ಒಯ್ದಳು. ಅಲ್ಲಿ ಯಾರೋ ಪುಣ್ಯಾತ್ಗಿತ್ತಿ ಅದನ್ನು ಎಣ್ಣೆ ಕ್ಯಾನೆಂದು ತಿಳಿದು ಅಡಿಗೆ ಭಟ್ಟರ ಕಡೆ ಸಾಗಿಸುತ್ತಿದ್ದಾಗ ಅಕ್ಕ ಊಟದ ಎಲೆಯ ಮುಂದಿನಿಂದ ಎದ್ದು ಓಡಿ ಹಿಡಿದುಕೊಂಡಳಂತೆ. ಮಾರನೇ ಬೆಳಗ್ಗೆ ಅದನ್ನು ನನ್ನ ಕೈಗೆ ಕೊಡುವಾಗ, “ಒಂದು ತೊಟ್ಟೂ ಬಿಟ್ಟಿಲ್ಲ ನೋಡು” ಎಂದಳು. ಪ್ರಾಮಾಣಿಕತೆಯಲ್ಲೂ ನನಗಿಂತ ಒಂದು ಕೈ ಮೇಲೆ.

ಮೂರು ವಾರಗಳ ನಂತರ ಫಲಿತಾಂಶದ ಲಕೋಟೆಗಳು ನನ್ನ ಮೇಜಿಗೆ ಬಂದವು. ಅಂಟು ಹಾಕಿ ಮುಚ್ಚಿ, ಮೇಲೆ ಬರೀ ನಂಬರು. ಅವರವರದನ್ನು ಅವರವರಿಗೆ ತಲುಪಿಸುವುದು ನನ್ನ ಕೆಲಸ. ಸಂಜೆ ಕಂಪನಿ ಬಸ್ಸಿನಲ್ಲಿ ನನ್ನದನ್ನು ಒಡೆದೆ. ಒಂದೇ ಸಾಲು: ಈ ವಸ್ತು ಕಂಡುಬಂದಿಲ್ಲ. ಅರೆಬರೆಯೂ ಅಲ್ಲ, ಶುದ್ಧ ಸೊನ್ನೆ. ಬ್ಯಾಗಿನಲ್ಲಿ ಅಕ್ಕನ ಲಕೋಟೆ ಇತ್ತು. ಅದನ್ನು ಒಡೆಯುವ ಹಕ್ಕು ನನಗಿರಲಿಲ್ಲ. ಇನ್ನೊಬ್ಬರ ಕಾಗದ ಒಡೆಯಬಾರದು ಎಂಬ ನಿಯಮವನ್ನು ದಪ್ಪಕ್ಷರದಲ್ಲಿ ಟೈಪು ಮಾಡಿ ಗೋಡೆಗೆ ಅಂಟಿಸಿದವಳೇ ನಾನು. ಆದರೆ ಬಸ್ಸು ಮುಕ್ಕಾಲು ಗಂಟೆಯಿಂದ ಒಂದೇ ಕಡೆ ನಿಂತಿತ್ತು, ಮನುಷ್ಯರ ತಾಳ್ಮೆಗೂ ಒಂದು ಮಿತಿಯಿದೆ. ಒಡೆದೆ. ‘ಅತ್ಯಧಿಕ ಪ್ರಮಾಣ’ ಎಂದಿತ್ತು. ಕೆಳಗೆ ಡಾಕ್ಟರ್ ಮೇಡಂ ತಮ್ಮ ಕೈಯಾರೆ, ‘ಅಪರೂಪ. ಇವರನ್ನು ಮುಂದಿನ ಹಂತಕ್ಕೂ ತಪ್ಪದೆ ಕರೆಯಿರಿ’ ಎಂದು ಬರೆದು ಅಡಿಗೆರೆ ಎಳೆದಿದ್ದರು.

ನನಗೆ ಉರಿಯಿತು. ಅಡಿಗೆರೆ ಕಂಡು ಇನ್ನೂ ಉರಿಯಿತು. ಮೂವತ್ತು ವರ್ಷದ ನನ್ನ ನೌಕರಿಯಲ್ಲಿ ನನ್ನ ಹೆಸರಿನ ಕೆಳಗೆ ಯಾರೂ ಗೆರೆ ಎಳೆದಿಲ್ಲ. ದಾಳಿಂಬೆಯ ಮುಖವನ್ನೇ ಸರಿಯಾಗಿ ನೋಡದವಳಿಗೆ ಅಂಥ ಕಾರ್ಖಾನೆ, ಆರೋಗ್ಯದ ಲೇಖನಗಳನ್ನು ಕತ್ತರಿಸಿ ಫೈಲು ಮಾಡಿಟ್ಟ ನನಗೆ ಬೀಗ ಜಡಿದ ಗೋದಾಮು! ಮನೆ ತಲುಪಿದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. “ಏನಾಯ್ತೇ ನಮ್ ರಿಜಲ್ಟು?” ಎಂದಳು. “ನಿಂದಿನ್ನೂ ಬಂದಿಲ್ಲ ಅಕ್ಕಾ” ಎಂದು ಮೆಟ್ಟಿಲು ಹತ್ತಿದೆ. ಎಷ್ಟು ಸಲೀಸಾಗಿ ಬಂತೆಂದರೆ ಸುಳ್ಳು ಹೇಳಿದ್ದು ನನಗೇ ಮೂರನೇ ಮೆಟ್ಟಿಲಲ್ಲಿ ಗೊತ್ತಾಯಿತು. ಲಕೋಟೆಯನ್ನು ಬ್ಯಾಗಿನ ಒಳಜೇಬಿಗೆ ಹಾಕಿ ಜಿಪ್ ಎಳೆದೆ. ನಾಳೆ ಕೊಡೋಣ ಎಂದುಕೊಂಡೆ. ಆ ನಾಳೆ ಹದಿನೆಂಟು ದಿನ ಬರಲಿಲ್ಲ.

ಆ ಹದಿನೆಂಟು ದಿನಗಳಲ್ಲಿ ನಾನು ಮಾಡಿದ್ದನ್ನು ನೆನೆದರೆ ಈಗ ನಗು ಬರುತ್ತದೆ. ಮನೆಗೆ ದಾಳಿಂಬೆಯ ಬುಟ್ಟಿಯೇ ಬಂತು. ಬೆಳಗ್ಗೆ ಹಿಂದಿನ ದಿನ ನೆನೆಸಿಟ್ಟ ಹುಳಿ ಅನ್ನದ ಗಂಜಿ, ಮಧ್ಯಾಹ್ನ ಮಜ್ಜಿಗೆ, ಸಂಜೆ ಅಕ್ರೋಟು. ನನ್ನೊಳಗೆ ಎಲ್ಲೋ ಮೂಲೆಯಲ್ಲಿ ಸೋಮಾರಿಗಳಾಗಿ ಬಿದ್ದಿರುವ ಜೀವಿಗಳನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವುದು ನನ್ನ ಉಪಾಯ. ನಾಲ್ಕನೇ ದಿನ ಡಾಕ್ಟರ್ ಮೇಡಂ ಹತ್ತಿರ, ನನ್ನ ಗೆಳತಿಯೊಬ್ಬಳಿಗೆ ಎಂದು ಹೇಳಿ, ಇಲ್ಲದ ಜೀವಿಗಳನ್ನು ತರಿಸಿಕೊಳ್ಳಲು ಆಗುತ್ತದೆಯೇ ಎಂದು ಕೇಳಿದೆ. ಅವರು ನನ್ನ ಡಬ್ಬಿಯಲ್ಲಿದ್ದ ದಾಳಿಂಬೆ ರಾಶಿಯನ್ನೊಮ್ಮೆ ನೋಡಿ, “ಎಷ್ಟೋ ಚಿಕ್ಕಂದಿನಲ್ಲೇ ಬಂದು ಸೇರ್ಕೊಂಡಿರ್ತವೆ ಕಣ್ರೀ. ಮಣ್ಣು, ನೀರು, ಅಮ್ಮ, ಅಜ್ಜಿ, ಯಾರಿಂದ ಬಂತೋ ಹೇಳೋಕಾಗಲ್ಲ. ನಿಮ್ ಗೆಳತಿಗೆ ಬೇಜಾರು ಮಾಡ್ಕೋಬೇಡಿ ಅಂತ ಹೇಳಿ” ಎಂದರು. ಗೆಳತಿಗೆ ಬಹಳ ಬೇಜಾರಾಯಿತು.

ಇತ್ತ ಅಕ್ಕ ಮೊದಲ ಮೂರು ದಿನ ಕೇಳಿದಳು, “ಬಂತೇನೇ?” ಎಂದು. ನಾಲ್ಕನೇ ದಿನದಿಂದ ಕೇಳುವುದನ್ನು ನಿಲ್ಲಿಸಿದಳು. ನಾನು ಹಾಯಾಗಿ ಉಸಿರು ಬಿಟ್ಟೆ. ಗ್ಯಾಸ್ ಸಿಲಿಂಡರು ಬಂತೇ ಎಂದು ದಿನಕ್ಕೆ ನಾಲ್ಕು ಸಲ ಕೇಳುವ ಹೆಂಗಸು ಇದ್ದಕ್ಕಿದ್ದಂತೆ ಸುಮ್ಮನಾದರೆ ಅನುಮಾನ ಬರಬೇಕಿತ್ತು. ಬರಲಿಲ್ಲ, ಕರುಬುವವರಿಗೆ ಕಣ್ಣು ಕಾಣುವುದು ಒಂದೇ ಕಡೆ. ಅಷ್ಟೇ ಅಲ್ಲ, ಅವಳು ನನ್ನೊಂದಿಗೆ ತುಂಬ ನಯವಾಗಿ ನಡೆದುಕೊಳ್ಳಲು ಶುರುಮಾಡಿದಳು. ಇಪ್ಪತ್ತಾರು ವರ್ಷ ಯಾರಿಗೂ ಬಿಟ್ಟುಕೊಡದ ಸಾರಿನ ಪುಡಿಯ ಅಳತೆಯನ್ನು ಒಂದು ಶನಿವಾರ ತಾನೇ ಕರೆದು, ಪಕ್ಕದಲ್ಲಿ ನಿಲ್ಲಿಸಿಕೊಂಡು, ಕೊತ್ತಂಬರಿ ಹುರಿಯುವ ಹದದಿಂದ ಹಿಡಿದು ಎಲ್ಲ ಹೇಳಿಕೊಟ್ಟಳು. “ಬರ್ಕೋ, ಮರ್ತೋಗ್ತೀಯ” ಎಂದಳು. ಇನ್ನೊಂದು ದಿನ ಅತ್ತೆಯ ಕೆಂಪು ಕಲ್ಲಿನ ಓಲೆಗಳನ್ನು ತಂದು, “ನಿನ್ ಕಿವಿಗೇ ಚೆಂದ, ಇಕ್ಕೋ” ಎಂದು ತಾನೇ ನನ್ನ ಕಿವಿಗೆ ಹಾಕಿದಳು. ಅವಳ ಊಟವೂ ಇಳಿದಿತ್ತು. ಎರಡು ಮುದ್ದೆ ಅರ್ಧಕ್ಕೆ ಬಂದಿತ್ತು, ಅವರೆಕಾಯಿ ಕಾಲದಲ್ಲಿ ಹಿದುಕಿದ ಬೇಳೆ ಮುಟ್ಟುತ್ತಿರಲಿಲ್ಲ. ನಾನು ಇದನ್ನೆಲ್ಲ ಹೇಗೆ ಅರ್ಥ ಮಾಡಿಕೊಂಡೆ ಗೊತ್ತೇ? ಓಲೆ ಕೊಟ್ಟು ದೊಡ್ಡತನ ಮೆರೆಯುತ್ತಿದ್ದಾಳೆ ಎಂದುಕೊಂಡೆ. ಊಟ ಬಿಟ್ಟದ್ದನ್ನು ನೋಡಿ, ಇರುವ ಆರೋಗ್ಯ ಸಾಲದೆಂದು ಈಗ ಡಯಟ್ಟು ಬೇರೆ ಶುರುಮಾಡಿದ್ದಾಳೆ ಎಂದು ಮುಖವನ್ನು ಇನ್ನಷ್ಟು ಊದಿಸಿಕೊಂಡು ಓಡಾಡಿದೆ.

ಹದಿನೆಂಟನೇ ದಿನ ಭಾನುವಾರ. ನನ್ನ ಗಂಡ ಪೇಪರು ಮಡಚಿಟ್ಟು, ಬಾಗಿಲು ಮುಂದೆ ಮಾಡಿ ಬಂದು, ದನಿ ತಗ್ಗಿಸಿ ಕೇಳಿದರು. “ಶೈಲಾ, ನಿಜ ಹೇಳು. ಅತ್ತಿಗೆ ರಿಪೋರ್ಟಲ್ಲಿ ಏನಿದೆ?”

“ಯಾಕೆ?”

“ನಿಂದು ಬಂದು ಇಷ್ಟು ದಿನ ಆಯ್ತು, ನನಗೆ ತೋರಿಸಿದ್ದೀಯ. ಒಟ್ಟಿಗೆ ಕೊಟ್ಟಿದ್ದು ಅವರದ್ದು ಯಾಕೆ ಬಂದಿಲ್ಲ ಅಂತ ಅತ್ತಿಗೆ ಕೇಳಿದ್ರು. ಅಮ್ಮನಿಗೆ ಆದ ಹಾಗೇ ತನಗೂ ಆಗಿದೆ, ನೀನು ಬಚ್ಚಿಟ್ಕೊಂಡಿದ್ದೀಯ ಅಂತ ತಿಳ್ಕೊಂಡಿದ್ದಾರೆ. ಅಣ್ಣನಿಗೂ ಹೇಳಿಲ್ವಂತೆ, ನನ್ನ ಹತ್ರ ಕಣ್ಣೀರು ಹಾಕ್ಕೊಂಡ್ರು.”

ಕೇಳಿದ್ದೇ ತಡ ಬ್ಯಾಗು ಹುಡುಕಲು ಎದ್ದೆ. ಏಕೆಂದು ಹೇಳುತ್ತೇನೆ. ನಮ್ಮಂಥ ಮನೆಗಳಲ್ಲಿ ಒಂದು ಪದ್ಧತಿಯಿದೆ. ರಿಪೋರ್ಟು ಚೆನ್ನಾಗಿದ್ದರೆ ಆಸ್ಪತ್ರೆಯ ಮೆಟ್ಟಿಲಿನಿಂದಲೇ ಎಲ್ಲರಿಗೂ ಫೋನು ಹೋಗುತ್ತದೆ. ಕೆಟ್ಟದಾಗಿದ್ದರೆ ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ, ಯಾರ ರಿಪೋರ್ಟೋ ಅವರೊಬ್ಬರನ್ನು ಬಿಟ್ಟು. ಎಂಟು ವರ್ಷಗಳ ಹಿಂದೆ ಅತ್ತೆಗೆ ಹೊಟ್ಟೆಯ ಕ್ಯಾನ್ಸರ್ ಎಂದು ತಿಳಿದಾಗ ಆ ಕಾಗದವನ್ನು ಮುಚ್ಚಿಟ್ಟವರು ನಾನು ಮತ್ತು ಅಕ್ಕ. ಅಕ್ಕಿ ಡ್ರಮ್ಮಿನೊಳಗೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ. ಕೊನೆಯವರೆಗೂ ಅವರಿಗೆ ಗ್ಯಾಸ್ಟ್ರಿಕ್ ಎಂದೇ ಹೇಳಿದೆವು. ಅವರು ಕೇಳಿದಾಗಲೆಲ್ಲ ನಾನು ಇದೇ ದನಿಯಲ್ಲಿ, ಇದೇ ಮಾತನ್ನು ಹೇಳುತ್ತಿದ್ದೆ: ಇನ್ನೂ ಬಂದಿಲ್ಲ ಅತ್ತೆ. ಪಕ್ಕದಲ್ಲಿ ನಿಂತು ಕೇಳಿಸಿಕೊಂಡವಳು ಅಕ್ಕ. ಅದೇ ಮಾತನ್ನು ಅವಳಿಗೇ ಹೇಳಿದ ಮೇಲೆ ಅವಳು ಇನ್ನೇನು ತಿಳಿಯಬೇಕಿತ್ತು?

ಬ್ಯಾಗಿನಿಂದ ಲಕೋಟೆ ಕಿತ್ತುಕೊಂಡು ಕೆಳಗೆ ಓಡಿದೆ. ಅಕ್ಕ ಹಿತ್ತಲಿನ ಕಟ್ಟೆಯ ಮೇಲೆ ನೆನೆಸಿದ ಅವರೆಕಾಳಿನ ಬೇಸಿನ್ ಮುಂದಿಟ್ಟುಕೊಂಡು ಹಿದುಕುತ್ತಿದ್ದಳು. ನಮಗೆಲ್ಲ ಸಾರಿಗೆ, ತನಗಲ್ಲ. ನನ್ನ ಕೈಯಲ್ಲಿದ್ದ ಲಕೋಟೆ ನೋಡಿದಳು, ಬೆರಳುಗಳು ನಿಂತವು.

“ಓದ್ಬ್ಯಾಡ” ಎಂದಳು. “ನಂಗೊತ್ತು. ನಿನ್ ಮುಖ ನೋಡೇ ಗೊತ್ತಾಯ್ತು. ಊಟ ಬಿಟ್ಟು, ಅಣ್ಣು ಗಂಜಿ ಕುಡ್ಕೊಂಡು, ಮುಖ ಊದಿಸ್ಕೊಂಡು ಓಡಾಡ್ತಿದ್ಯಲ್ಲ. ಯಾರಿಗೂ ಏಳ್ದೆ ಒಬ್ಳೇ ಅನುಭವಿಸ್ತಾವ್ಳೆ ಅಂದ್ಕೊಂಡೆ. ನನ್ ಮ್ಯಾಲೆ ಇಷ್ಟೊಂದು ಜೀವ ಇಟ್ಟಿದ್ದೀಯ ಅಂತ ನಂಗೇ ತಿಳಿದಿರ್ಲಿಲ್ಲ ಕಣೇ ಶೈಲಾ.”

ಸುಳ್ಳು ಹೇಳಲು ಅದಕ್ಕಿಂತ ಒಳ್ಳೆಯ ಜಾಗ ಯಾರಿಗೂ ಸಿಕ್ಕಿರಲಾರದು. ಹೌದು ಅಕ್ಕಾ, ಹೆದರಿಕೊಂಡಿದ್ದೆ, ಈಗ ಒಡೆದು ನೋಡಿದೆ, ಏನೂ ಇಲ್ಲ ಎಂದುಬಿಟ್ಟಿದ್ದರೆ ಇಬ್ಬರೂ ತಬ್ಬಿಕೊಂಡು ಅಳಬಹುದಿತ್ತು. ಆದರೆ ಆ ಹೆಂಗಸು ಹದಿನೆಂಟು ದಿನ ಸಾವನ್ನು ಎದುರಿಗಿಟ್ಟುಕೊಂಡು ನನಗೆ ಸಾರಿನ ಪುಡಿ ಕಲಿಸಿದ್ದಳು. ನನ್ನ ಬಾಯಿಗೆ ಸುಳ್ಳು ಬರಲಿಲ್ಲ.

“ಜೀವ ಅಲ್ಲ ಅಕ್ಕಾ, ಹೊಟ್ಟೆಕಿಚ್ಚು” ಎಂದೆ. “ನಿಂದು ತುಂಬ ಚೆನ್ನಾಗಿ ಬಂದಿದೆ. ನಂದು ಸೊನ್ನೆ. ಅದಕ್ಕೇ ಕೊಡಲಿಲ್ಲ. ಇದು ಕಾಯಿಲೆ ಟೆಸ್ಟೇ ಅಲ್ಲ. ನಿಂಗೇನೂ ಆಗಿಲ್ಲ.”

ಅಕ್ಕ ನನ್ನಿಂದ ಕಾಗದವನ್ನು ಎರಡು ಸಲ ಓದಿಸಿದಳು. ಅಡಿಗೆರೆ ಎಳೆದ ಸಾಲನ್ನು ಮೂರನೇ ಸಲವೂ ಓದಿಸಿದಳು. “ಅಂಗಾದ್ರೆ ನಂಗೇನೂ ಇಲ್ಲ?” ಎಂದಳು. “ಏನೂ ಇಲ್ಲ” ಎಂದೆ. ಅವಳ ಕಣ್ಣಲ್ಲಿ ನೀರು ತುಂಬಿತು, ತುಂಬಿದಷ್ಟೇ ವೇಗವಾಗಿ ಕೋಪವೂ ಬಂತು.

“ಅದ್ನೆಂಟು ದಿನ ಕಣೇ! ಮಗಳಿಗೆ ಫೋನ್ ಮಾಡಿ ಮಾತಾಡಕ್ಕಾಗ್ದೆ ಇಟ್ಬಿಟ್ಟಿದ್ದೀನಿ. ನಿಮ್ ಭಾವಂಗೆ ಒಂದು ಕಾಫಿ ಕಾಯ್ಸಕ್ಕೂ ಬರಲ್ಲ, ಎಂಗಿರ್ತಾರೋ ಅಂತ ನಿಂತಲ್ಲೇ ನಿಂತು ಅತ್ತಿದ್ದೀನಿ. ಅವರೆಕಾಳು ಇದುಕ್ಬೇಕಾದ್ರೆಲ್ಲ ಇದೇ ಕಡೇ ವರ್ಸ ಅನ್ಕೊಂಡು ಇದುಕಿದ್ದೀನಿ.” ಆಮೇಲೆ ಕೈ ಚಾಚಿ ನನ್ನ ಕಿವಿಗಳನ್ನು ತೋರಿಸಿ, “ಬಿಚ್ಚು” ಎಂದಳು. ನಾನು ಓಲೆಗಳನ್ನು ಬಿಚ್ಚಿ ಅವಳ ಒದ್ದೆ ಅಂಗೈಯಲ್ಲಿಟ್ಟೆ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೂರು ದಿನ ಅಕ್ಕ ನನ್ನೊಂದಿಗೆ ಮಾತಾಡಲಿಲ್ಲ. ಸಾರು ಮಾತ್ರ ಏಳೂವರೆಗೆ ತಪ್ಪದೆ ಬಂತು, ಭಾವನವರ ಕೈಯಲ್ಲಿ. ಅತ್ತೆಯ ಷರತ್ತು ಸಿಟ್ಟಿಗೂ ಅನ್ವಯಿಸುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಆಫೀಸಿನಲ್ಲಿ ಡಾಕ್ಟರ್ ಮೇಡಂಗೆ ಲಕೋಟೆ ಒಡೆದ ವಿಷಯ ಹೇಳಿ, ನಾನೇ ಅಂಟಿಸಿದ ನಿಯಮದ ಕೆಳಗೆ ನಿಂತು ಬೈಸಿಕೊಂಡು, ಬೀರುವಿನ ಬೀಗದ ಕೈಯನ್ನು ಒಪ್ಪಿಸಿದೆ. ಈಗ ಆ ಪಟ್ಟಿ ಬೇರೆಯವರ ಸುಪರ್ದಿನಲ್ಲಿದೆ, ನಾನು ಬರೀ ನಂಬರು ಬರೆಯುತ್ತೇನೆ. ಅದು ನ್ಯಾಯವೇ.

ನಾಲ್ಕನೇ ದಿನ ಅಕ್ಕ ತಾನೇ ಮೇಲೆ ಬಂದಳು. ರಾಜಿಗೆ ಬಂದಳೆಂದು ನಾನು ಕುರ್ಚಿ ಎಳೆದೆ. ಅವಳು ಕುಳಿತುಕೊಳ್ಳದೆ, “ಆ ಕಾಗ್ದ ನಿನ್ ತಾವೇ ಉಳೀತು, ಕೊಡು” ಎಂದಳು. ಏಕೆಂದು ಕೇಳಿದೆ. ಬೀದಿಯ ಕೊನೆಯ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸುತ್ತಾಳಂತೆ. ಮಾಡಿಸಿದಳು. ಈಗ ಅದು ಕೆಳಗಿನ ಮನೆಯ ಟಿ.ವಿ. ಪಕ್ಕದಲ್ಲಿ, ಮಗಳ ಪದವಿ ಪ್ರದಾನದ ಫೋಟೋಗೆ ಒರಗಿಕೊಂಡು ನಿಂತಿದೆ. ಪಿ.ಜಿ. ಹುಡುಗಿಯರಿಗೆ, ಹಾಲಿನವನಿಗೆ, ನೀರಿನ ಮೀಟರು ನೋಡಲು ಬಂದವರಿಗೆಲ್ಲ, “ನನ್ ಒಟ್ಟೇಲಿ ಅಪ್ರೂಪದ್ ಉಳ ಅವಂತೆ, ಡಾಕ್ಟರಮ್ಮ ಕೈಯಾರೆ ಬರ್ದವ್ರೆ” ಎಂದು ತೋರಿಸುತ್ತಾಳೆ. ನಾನು ದಿನಾ ಆ ಕಾಗದದ ಮುಂದೆಯೇ ಹಾದು ಹೋಗಬೇಕು. ಇದೂ ನ್ಯಾಯವೇ ಇರಬೇಕು, ಆದರೆ ಇದನ್ನು ಒಪ್ಪಿಕೊಳ್ಳುವುದು ಬೀಗದ ಕೈ ಕೊಟ್ಟಷ್ಟು ಸುಲಭವಾಗಲಿಲ್ಲ.

ಹೋದ ವಾರ ಅಕ್ಕನ ತಮ್ಮನ ಹೆಂಡತಿ ಹೊಸಕೋಟೆಯಿಂದ ಬಂದಿದ್ದಳು. ಅವಳಿಗೂ ಕಾಗದದ ದರ್ಶನವಾಯಿತು. ನಾನು ಕಾಫಿ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ. ಹೊಸಕೋಟೆಯವಳು ಬಲು ಚುರುಕು, ಕಾಗದದ ಮೇಲಿನ ತಾರೀಖು ನೋಡಿ, “ಇದು ಅವತ್ತೇ ಬಂದೈತಲ್ಲ ಜಯಕ್ಕ. ಮತ್ತೆ ನೀನು ಸತ್ತೋಗ್ತೀನಿ ಅಂತ ಫೋನ್‌ನಾಗೆ ಅಳ್ತಿದ್ದಿದ್ದು ಇದಾದ್ಮ್ಯಾಲೇ ಅಲ್ವಾ? ಯಾಕೆ, ಇವರು ಕೊಟ್ಟಿರ್ಲಿಲ್ವಾ?” ಎಂದು ನನ್ನ ಕಡೆ ತಿರುಗಿದಳು. ಆಯಿತು, ಇವತ್ತು ಹೊಸಕೋಟೆ ತಾಲ್ಲೂಕಿಗೆಲ್ಲ ನನ್ನ ಹಣೆಬರಹ ಗೊತ್ತಾಗುತ್ತದೆ ಎಂದು ನೆಲ ನೋಡಿದೆ.

“ಎದ್ರುಕೊಂಬಿಟ್ಟಿದ್ಲು ಕಣಮ್ಮ” ಎಂದಳು ಅಕ್ಕ. ನನ್ನ ಕಡೆ ನೋಡಲೇ ಇಲ್ಲ. “ಕವರ್ನಾಗೆ ಏನೈತೋ ಏನೋ, ನಮ್ಮತ್ತೆಗಾದಂಗೆ ಆಗಿದ್ರೆ ಎಂಗೆ ಅಂತ, ಒಡಿಯಕ್ಕೆ ಧೈರ್ಯ ಬರ್ದೆ ಅದ್ನೆಂಟು ದಿನ ಬ್ಯಾಗ್ನಾಗೆ ಇಟ್ಕೊಂಡು ಓಡಾಡವ್ಳೆ. ಸರಿಯಾಗಿ ಊಟಾನೂ ಮಾಡ್ತಿರ್ಲಿಲ್ಲ, ಸೊರಗೋಗಿದ್ಲು ಪಾಪ. ಅಷ್ಟು ಜೀವ ಇವ್ಳಿಗೆ ನಾನಂದ್ರೆ.”

ಹೊಸಕೋಟೆಯವಳು ಎದ್ದು ಬಂದು ನನ್ನ ಕೆನ್ನೆ ಸವರಿ, ಇಂಥ ವಾರಗಿತ್ತಿ ಸಿಗಲು ನೀನು ಪುಣ್ಯ ಮಾಡಿದ್ದೆ ಎಂದು ಅಕ್ಕನಿಗೆ ಹೇಳಿದಳು. ಅಕ್ಕ ಹೌದೆಂದು ತಲೆಯಾಡಿಸಿ ಕಾಫಿಗೆ ಸಕ್ಕರೆ ಕಡಿಮೆಯಾಯಿತೆಂದಳು.

ನಾನು ಸಕ್ಕರೆ ತರುವ ನೆಪ ಮಾಡಿಕೊಂಡು ಮೆಟ್ಟಿಲು ಹತ್ತಿದೆ. ನಾನು ಅವಳಿಗೆ ಕೊಟ್ಟದ್ದು ಶುದ್ಧ ಹೊಟ್ಟೆಕಿಚ್ಚು, ಅದೂ ನನ್ನ ಬಾಯಿಂದಲೇ ಒಪ್ಪಿಕೊಂಡದ್ದು. ಅವಳು ಅದನ್ನು ನುಂಗಿ, ಅಷ್ಟು ದಿನ ಒಳಗಿಟ್ಟುಕೊಂಡು, ನಾಲ್ಕು ಜನರ ಮುಂದೆ ಹೊರಗೆ ತಂದಾಗ ಅದು ನನ್ನ ಮಾನ ಕಾಯುವ ಬೇರೊಂದು ವಸ್ತುವಾಗಿತ್ತು. ಇಂಥದ್ದು ನನ್ನ ಹೊಟ್ಟೆಯಲ್ಲಿ ಯಾವ ದಾಳಿಂಬೆ ತಿಂದರೂ ಆಗುವುದಿಲ್ಲ. ಸಕ್ಕರೆ ಡಬ್ಬಿ ಹಿಡಿದು ಅಡಿಗೆಮನೆಯಲ್ಲಿ ನಿಂತೆ, ಮತ್ತೆ ಅದೇ ಉರಿ ಶುರುವಾಯಿತು. ಈ ಸಲದ್ದನ್ನು ಮಾತ್ರ ಅಕ್ಕನಿಗೆ ಹೇಳಿಲ್ಲ.